ಅಪ್ಪ ಅಮ್ಮ ಅಮೆರಿಕಕ್ಕೆ ಬರುವ ಮುಂಚೆ

ಮೊದಲು ಇನ್ಶೂರೆನ್ಸ್. ವಿಸಿಟರ್ ಪಾಲಿಸಿಯಲ್ಲಿ ಅಗ್ಗದ್ದು ಸಾಮಾನ್ಯವಾಗಿ 'ಫಿಕ್ಸೆಡ್ ಬೆನಿಫಿಟ್'. ಆಸ್ಪತ್ರೆ ವಾಸಕ್ಕೆ ದಿನಕ್ಕೆ ಇಷ್ಟು, ಎಕ್ಸ್‌ರೇಗೆ ಇಷ್ಟು ಅಂತ ಮೊದಲೇ ಬರೆದಿರುತ್ತಾರೆ. ಬಿಲ್ ಎಷ್ಟೇ ಬರಲಿ, ಕೊಡುವುದು ಅಷ್ಟೇ. ಉಳಿದದ್ದು ನಿಮ್ಮ ತಲೆಗೆ. ಸ್ವಲ್ಪ ಜಾಸ್ತಿ ಕೊಟ್ಟು, ಪಾಲಿಸಿಯ ಮಿತಿಯೊಳಗೆ ಬಿಲ್ಲಿನ ಹೆಚ್ಚಿನ ಪಾಲು ಕೊಡುವ 'ಕಾಂಪ್ರಹೆನ್ಸಿವ್' ತಗೊಳ್ಳಿ. ಲಕ್ಷ ರೂಪಾಯಿಯ ಟಿಕೆಟ್ ತೆಗೆದು ಇಲ್ಲಿ ಚೌಕಾಸಿ ಮಾಡುವುದು ಯಾವ ಜಾಣತನವೋ!

ಬಿಪಿ, ಶುಗರ್ ಇಲ್ಲದ ಹಿರಿಯರು ನಮ್ಮಲ್ಲಿ ಎಷ್ಟು ಜನ? ಪಾಲಿಸಿಯ ಲೆಕ್ಕದಲ್ಲಿ ಅವು ಹಳೇ ಕಾಯಿಲೆ, ಮಾಮೂಲಿ ಚೆಕಪ್ಪಿಗೆ ದುಡ್ಡಿಲ್ಲ. 'ಅಕ್ಯೂಟ್ ಆನ್‌ಸೆಟ್' ಅಂತ ಒಂದು ಕಲಮು ಇದ್ದರೆ ಓದಿ. ಹಳೇ ಕಾಯಿಲೆ ಸೂಚನೆಯೇ ಇಲ್ಲದೆ ಏಕಾಏಕಿ ಜೋರಾದರೆ ಖರ್ಚು ಕೊಡುತ್ತಾರೆ. ಆದರೆ ಹಲವು ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಡಾಕ್ಟರ ಹತ್ತಿರ ಹೋಗಿರಬೇಕು.

ನಮ್ಮವರು ಎಡವುವುದು ಇಲ್ಲೇ. ಎದೆ ಹಿಡಿದುಕೊಂಡರೂ "ಏನಿಲ್ಲ ಬಿಡು, ಗ್ಯಾಸು" ಅಂತ ಜೀರಿಗೆ ನೀರು ಕುಡಿದು ಮಲಗುತ್ತಾರೆ. ಊರಲ್ಲಾದರೆ ಸಂಜೆ ವಾಕಿಂಗ್ ಹೋದವರೇ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದರು. ಇಲ್ಲಿ ಪ್ರತಿಯೊಂದಕ್ಕೂ ಮಗನ ಕಾರು, ಸೊಸೆಯ ರಜೆ. ಜೊತೆಗೆ ಡಾಲರನ್ನು ರೂಪಾಯಿ ಮಾಡುವ ಚಾಳಿ. ನಾವೇ ಊಟದ ಹೊತ್ತಲ್ಲಿ ಇಲ್ಲಿನ ಆಸ್ಪತ್ರೆ ಬಿಲ್ಲಿನ ಕತೆ ಹೇಳಿ ನಗುತ್ತೇವೆ. ಅವರು ನಗುವುದಿಲ್ಲ, ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯುತ್ತಾರೆ. ಬಂದ ವಾರವೇ ಕೂರಿಸಿ ಹೇಳಿ: ಪಾಲಿಸಿ ಇದೆ, ದುಡ್ಡು ಕಟ್ಟಿಯಾಗಿದೆ, ನೀವು ಮುಚ್ಚಿಟ್ಟರೇ ನಷ್ಟ. ಈ ಲೆಕ್ಕ ಅವರಿಗೆ ಬೇಗ ಅರ್ಥವಾಗುತ್ತದೆ.

ಜ್ವರ, ಉಳುಕು ಇಂಥದ್ದಕ್ಕೆ ಅರ್ಜೆಂಟ್ ಕೇರ್ ಅನ್ನುವ ಸಣ್ಣ ಕ್ಲಿನಿಕ್ ಸಾಕು, ಖರ್ಚೂ ಕಡಿಮೆ. ಎದೆನೋವು, ಮಾತು ತೊದಲುವುದು ಅಂದರೆ ಯೋಚಿಸದೆ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ. ಇನ್ಶೂರೆನ್ಸ್ ಇಲ್ಲ ಅಂತ ಎಮರ್ಜೆನ್ಸಿಯಿಂದ ವಾಪಸ್ ಕಳಿಸುವಂತಿಲ್ಲ, 1986ರಿಂದ ಕಾನೂನೇ ಇದೆ. ಬಿಲ್ ಮಾತ್ರ ಆಮೇಲೆ ಬಂದೇ ಬರುತ್ತದೆ.

ಮಾತ್ರೆ, ಡಾಕ್ಟರ ಚೀಟಿ ಊರಿಂದಲೇ ತರಲಿ, ಕೈಚೀಲದಲ್ಲಿ.

ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ (ಇಲ್ಲೇ ನೆಲೆಸುವ ಪರವಾನಗಿ) ಮಾಡಿಸುವವರೇ, ಕಾರ್ಡ್ ಬಂದ ಮಾರನೇ ದಿನ ಮೆಡಿಕೇರ್, ಅಂದರೆ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಸಿಗುವುದಿಲ್ಲ. 65 ದಾಟಿರಬೇಕು, ಇಲ್ಲಿ ಸತತ 5 ವರ್ಷ ಇದ್ದಿರಬೇಕು. ಇಲ್ಲಿ ದುಡಿಯದವರು ಪ್ರೀಮಿಯಂ ಕಟ್ಟಿ ಕೊಳ್ಳಬೇಕು. ಆರು ತಿಂಗಳು ಮೈಸೂರಿಗೆ ಹೋಗಿ ಕೂತರೆ ಅಲ್ಲಿ ಮೆಡಿಕೇರ್ ನಡೆಯುವುದಿಲ್ಲ. ಹಾಗಂತ ಊರನ್ನು ಬಿಟ್ಟುಬಿಡಿ ಅನ್ನೋಕಾಗುತ್ತಾ?

ಡಾಕ್ಟರ ಮುಂದೆ ಎಲ್ಲವನ್ನೂ ನೀವೇ ಅನುವಾದಿಸಬೇಡಿ. ಮೂತ್ರದ ತೊಂದರೆಯನ್ನು ಅಮ್ಮ ಮಗನ ಎದುರು ಹೇಳುತ್ತಾರಾ? ಕನ್ನಡ ದುಭಾಷಿ ಬೇಕು ಅಂತ ಕೇಳಿ. ಹೆಚ್ಚಿನ ಆಸ್ಪತ್ರೆಗಳು ಫೋನಲ್ಲಾದರೂ ಪುಕ್ಕಟೆಯಾಗಿ ಕೊಡಿಸಲೇಬೇಕು. ನೀವು ಹೊರಗೆ ಹೋಗಿ ಕಾಫಿ ಕುಡಿಯಿರಿ.