ಅಂಗಡಿ ಕಸ ಮತ್ತು ಕಪ್ಪತಗುಡ್ಡದ ಮರಿಗಿ

ಬಾಗಲಕೋಟೆ ಹಳೇ ಊರಿನಲ್ಲಿ ನಮ್ಮದು ಸಣ್ಣ ಪತ್ತಾರಿಕೆ ಅಂಗಡಿ, ಬಂಗಾರದ ಕೆಲಸ. ಬಂಗಾರದ ಪುಡಿ ಬೆರೆತ ವರ್ಷದ ಕಸ ಸುಮಾರು 30 ಕಿಲೋ ಆಗುತ್ತದೆ. ದೀಪಾವಳಿ ಮುಂದೆ ಕಸ ಕೊಳ್ಳುವವನು ಬಂದು 7 ಸಾವಿರ ಕೊಟ್ಟು ಚೀಲ ಹೊತ್ತುಕೊಂಡು ಹೋಗುತ್ತಿದ್ದ. ಜಗಳ ಮಾಡಿದರೆ 8. ನಾನೇ ತೊಳೆಯುತ್ತೇನೆ ಅಂದಾಗ ಕಾಕಾ ನಕ್ಕುಬಿಟ್ಟರು. "ಕಸಾ ತೊಳದ್ ಸಾವ್ಕಾರ ಆಗಾಂವೇನ್ ನೀ?"

ಮೊದಲ ವರ್ಷ ನಕ್ಕಿದ್ದೇ ಸರಿ ಆಯ್ತು. ಅವಸರದಲ್ಲಿ ಕಸವನ್ನು ಹಾಗೇ ತೇಜಾಬಿಗೆ, ಅಂದರೆ ನೈಟ್ರಿಕ್ ಆಮ್ಲಕ್ಕೆ ಹಾಕಿದೆ. ಕಬ್ಬಿಣದ ಪುಡಿ, ಅರಗು, ಕೂದಲು ಎಲ್ಲಾ ಸೇರಿ ನೊರೆ ಉಕ್ಕಿತು. ಎರಡು ಲೀಟರ್ ತೇಜಾಬ ಹಾಳು, ವಾರಪೂರ್ತಿ ಕೆಮ್ಮು. ಆಮೇಲೆ ಆನ್‌ಲೈನ್‌ನಲ್ಲಿ ಬಂಗಾರ ಗಾಳಿಸುವ ಹಸಿರು ಪ್ಲಾಸ್ಟಿಕ್ ತಟ್ಟೆ ತರಿಸಿದೆ, ಸಾವಿರದ ಚಿಲ್ಲರೆ. ಬಂಗಾರ ನೀರಿಗಿಂತ 19 ಪಟ್ಟು ಭಾರ ಅಂತ ನಂಬಿ ಕೂತಿದ್ದೆ. ಆದರೆ ಅರದ ಪುಡಿ ಹಿಟ್ಟಿನಷ್ಟು ಸಣ್ಣದು, ಮೇಲೆ ಎಣ್ಣೆ ಜಿಡ್ಡು ಬೇರೆ. ಕಣ್ಣೆದುರೇ ತೇಲಿ ಬಚ್ಚಲಿಗೆ ಹೋಯ್ತು. ಬಂಗಾರ ಹಿಡಿಯಲು ಪಾದರಸ ಹಾಕು ಅಂದವರೂ ಇದ್ದರು. ಅದರ ಹೊಗೆ ಕುಡಿದು ಕೈ ನಡುಗುವ ಹಿರಿಯರನ್ನು ನೋಡಿದ್ದೇನೆ, ಆ ದಾರಿ ಬೇಡ ಅಂದೆ.

ಆಗ ನೆನಪಾಗಿದ್ದು ಗದಗ ಜಿಲ್ಲೆಯ ಕಪ್ಪತಗುಡ್ಡ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಅಂತಾರಲ್ಲ, ನಾನು ಹೋಗಿದ್ದು ಗಿರಿ ನೋಡಲಿಕ್ಕಲ್ಲ, ಜಲಗಾರರನ್ನು ಹುಡುಕಿಕೊಂಡು. ಮಳೆಯಾದ ಮೇಲೆ ಗುಡ್ಡದ ಹಳ್ಳಗಳ ಉಸುಕು ತೊಳೆದು ಬಂಗಾರ ತೆಗೆಯುತ್ತಿದ್ದ ಜನ ಅವರು. ಬ್ರಿಟಿಷರ ಕಾಲದಲ್ಲಿ ಕಂಪನಿಗಳು ಬಂದು ಕಬಲಾಯತಕಟ್ಟಿ ಕಡೆ ಗಣಿ ತೋಡಿದವು. ಕಂಪನಿ ಹೋದ ಮೇಲೂ ಜಲಗಾರರ ಮರಿಗಿ, ಅಂದರೆ ಉಸುಕು ತೊಳೆಯುವ ಮರದ ತಟ್ಟೆ, ನಿಲ್ಲಲಿಲ್ಲ.

ಗದಗಿನವರೆಗೆ ರೈಲು, ಮುಂದೆ ಬಸ್ಸು. 2019ರಿಂದ ಗುಡ್ಡ ಅಭಯಾರಣ್ಯ. ಹಳ್ಳದ ಉಸುಕಿಗೆ ಕೈ ಹಾಕುವಂತಿಲ್ಲ. ಹಾಗಾಗಿ ಅಂಗಡಿ ಕಸವನ್ನೇ ಎರಡು ಕಿಲೋ ಡಬ್ಬಿಯಲ್ಲಿ ಒಯ್ದಿದ್ದೆ. ಕಂಡಕ್ಟರ್ "ಏನ್ರೀ ಇದು, ಗೊಬ್ಬರಾ?" ಅಂದ. ಗುಡ್ಡದ ಬುಡದ ಹಳ್ಳಿಯಲ್ಲಿ ಒಬ್ಬ ಅಜ್ಜ ಸಿಕ್ಕರು. ಅಟ್ಟದ ಮೇಲಿದ್ದ ಅಪ್ಪನ ಕಾಲದ ಮರಿಗಿ ಇಳಿಸಿ, ಅಂಗಳದಲ್ಲೇ ಕೂತರು. ನೀರು ಒಂದು ಸುತ್ತು ತಿರುಗಿಸಿ, ತುದಿಗೆ ಓರೆ ಮಾಡಿ, ಹಿಂದಕ್ಕೆ ಎಳೆದರು. ಕಾಡಿಗೆಯಂಥ ಕಪ್ಪು ಪುಡಿ ಮುಂದೆ ಸರಿಯಿತು. ಹಿಂದೆ ಕೂದಲೆಳೆಯಷ್ಟು ಹಳದಿ ಗೆರೆ ನಿಂತಿತು. ನಾನು ಬೆರಳು ಚಾಚಿದೆ. "ಮುಟ್ಟಬ್ಯಾಡಪಾ, ನೀರಿಗೆ ಕೆಲಸಾ ಹಚ್ಚು, ಕೈಗಲ್ಲ" ಅಂದರು. 500 ರೂಪಾಯಿ ಕೊಟ್ಟೆ. ತಗೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಮನೆಗೆ ಬಂದು ಮಾಡಿ ತೋರಿಸಿದರೆ ನಮ್ಮ ಮನೆಯವಳು "ಇದು ಅಕ್ಕಿ ಗಾಳಿಸೋದಲ್ವಾ?" ಅಂದಳು. ಅದೇ! ನಿಜ ಹೇಳಬೇಕೆಂದರೆ ಅವಳ ಕೈ ನನ್ನದಕ್ಕಿಂತ ಚುರುಕು.

ಈಗ ಹೀಗೆ ಮಾಡುತ್ತೇನೆ. ಕಸವನ್ನು ತಗಡಿನ ಮೇಲೆ ಸಣ್ಣ ಉರಿಯಲ್ಲಿ ಸುಡುವುದು. ಊದಬಾರದು, ಬೂದಿ ಜೊತೆ ಮಾಲೂ ಹಾರುತ್ತದೆ. ಕುಟ್ಟಿ, ಹಿಟ್ಟಿನ ಸಾಣಿಗಿಯಲ್ಲಿ ಜರಡಿ ಹಿಡಿಯುವುದು. ಹಳೇ ಸ್ಪೀಕರ್‌ನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಕಬ್ಬಿಣ ಎತ್ತುವುದು. ತೊಳೆಯುವ ನೀರಿಗೆ ಅಂಟುವಾಳದ ರಸ ಹಾಕಿದರೆ ಪುಡಿ ತೇಲುವುದಿಲ್ಲ. ಎಷ್ಟು ಹಾಕಬೇಕು ಅಂತ ಮಾತ್ರ ಬರೆಯುವುದಿಲ್ಲ, ಎರಡು ವರ್ಷ ಕಳೆದು ಕಲಿತದ್ದು. ಉಳಿದ ಹಿಡಿಯಷ್ಟು ಪುಡಿಗೆ ಆಗ ತೇಜಾಬ. ಹಿತ್ತಾಳೆ, ಬೆಳ್ಳಿ ಕರಗಿ ಹೋಗುತ್ತವೆ. ಕೊನೆಗೆ ಬಿಳಿಗಾರ ಹಾಕಿ ಮೂಸೆಗೆ.

ಕರಗಿಸಿ ಬಂದ ಬಂಗಾರದ ಗುಂಡು 3.8 ಗ್ರಾಂ ತೂಗಿತು. ಟಂಚ್, ಅಂದರೆ ನೂರಕ್ಕೆ ಎಷ್ಟು ಶುದ್ಧ ಬಂಗಾರ ಅನ್ನೋದು, 88ರ ಹತ್ತಿರ. ಆವತ್ತಿನ ದರದಲ್ಲಿ 20 ಸಾವಿರದ ಆಸುಪಾಸು. ಗ್ಯಾಸು, ತೇಜಾಬ, ಗದಗಿನ ಓಡಾಟ ಎಲ್ಲಾ ಸೇರಿ ಖರ್ಚು 4 ಸಾವಿರ ದಾಟಿಲ್ಲ. ಮೊದಲು ಹಾಳು ಮಾಡಿದ್ದು ಬೇರೆ ಲೆಕ್ಕ, ಅದನ್ನು ಕಾಕಾಗೆ ಹೇಳಿಲ್ಲ.

ಚಟ ಹತ್ತಿ ಘಟಪ್ರಭಾ ದಂಡೆಯ ಒಂದು ಬೋಗಾಣಿ ಉಸುಕನ್ನೂ ಗಾಳಿಸಿ ನೋಡಿದೆ. ಬರೀ ಕಪ್ಪು ಪುಡಿ. ಅಂಗಡಿಯ ಕಾಲೊರಸು ಸುಟ್ಟದ್ದು ಮಾತ್ರ ದಂಡ ಆಗಲಿಲ್ಲ, ಎರಡು ಗುಂಜಿ ತೂಕದ ಬಂಗಾರ ಸಿಕ್ಕಿತು. ಒಡವೆ ಪಾಲಿಶ್ ಮಾಡಿದ ನೀರಿಗೆ ಪಟಕ ಹಾಕಿ ಅದರೊಳಗಿನ ಪುಡಿ ತಳ ಕಟ್ಟಿಸುವುದು ಇನ್ನೂ ಕೈಗೆ ಹತ್ತಿಲ್ಲ.

ಈಗ ನನ್ನ ಕಣ್ಣು ಅಜ್ಜನ ಕಾಲದ ಕೆಲಸದ ಹಲಗೆ ಮೇಲಿದೆ. ಅರವತ್ತು ವರ್ಷದ ಪುಡಿ ಅದರ ಬಿರುಕಿನಲ್ಲಿದೆ, ಸುಟ್ಟರೆ ಒಳ್ಳೇ ಗುಂಡು ಸಿಗುತ್ತದೆ. ಕಾಕಾ ದಿನಾ ಅದರ ಮುಂದೇ ಕೂರುತ್ತಾರೆ. ಕೇಳಿದರೆ, ಹಲಗೆ ಮೇಲೆ ಕೈ ಇಟ್ಟುಕೊಂಡು ಆ ಕಡೆ ಮುಖ ತಿರುಗಿಸುತ್ತಾರೆ.