ಮ್ಯೂಸಿಯಮ್ಮಿಗೆ ದುಡ್ಡು ಕೂಡಿಸಲು ಟೆಂಟ್ ಸಿನಿಮಾ ಪಾರ್ಟಿ: ಮಾಡುವುದು ಹೇಗೆ

ನಾವು ಮಾಡಿದ ಮೊದಲ ಪಾರ್ಟಿಯಲ್ಲಿ ಖರ್ಚೆಲ್ಲ ಕಳೆದು ಉಳಿದಿದ್ದು ಹನ್ನೊಂದು ಸಾವಿರ ರೂಪಾಯಿ. ಥೀಮು ಹಾಲಿವುಡ್. ಕೆಂಪು ಕಾರ್ಪೆಟ್ಟು, ಹೂವಿನ ಕಮಾನು, ಫೋಟೋ ತೆಗೆಸಿಕೊಳ್ಳಲು ದೊಡ್ಡ ಬೋರ್ಡು. ಜನ ಬಂದರು, ಮಿಂಚಿದರು, ಊಟ ಚೆನ್ನಾಗಿತ್ತು ಅಂದರು, ಹೋದರು. ಒಳಗೆ ಗೋಡೆ ಮೇಲಿದ್ದ ಕೃತಿಗಳ ಬಗ್ಗೆ ಒಬ್ಬರೂ ಕೇಳಲಿಲ್ಲ. ಕೇಳುವ ಹಾಗೆ ನಾವು ಮಾಡಿರಲೂ ಇಲ್ಲ ಬಿಡಿ. ಎರಡನೇ ಸಲ ಟೆಂಟ್ ಸಿನಿಮಾ ಥೀಮಿನಲ್ಲಿ ಮಾಡಿದೆವು. ಅದು ಕೈ ಹಿಡಿಯಿತು. ಸರ್ಕಾರದ ಅನುದಾನವಿಲ್ಲದ ಸಣ್ಣ ಸಮಕಾಲೀನ ಕಲಾ ಮ್ಯೂಸಿಯಂ ನಡೆಸುವವರಿಗೆ, ಅವರ ಜೊತೆ ವಾಲಂಟಿಯರ್ ಆಗಿ ಓಡಾಡುವವರಿಗೆ ನಮ್ಮ ಲೆಕ್ಕ ಉಪಯೋಗಕ್ಕೆ ಬರಬಹುದು.

ಮೊದಲು ಥೀಮು. ಮೆಟ್ರೊಪಾಲಿಟನ್ ಮ್ಯೂಸಿಯಂ ದುಡ್ಡು ಕೂಡಿಸಲು ಮಾಡುವ ಮೆಟ್ ಗಾಲಾ ಪಾರ್ಟಿಯ ಫೋಟೋ ನೋಡಿ ನಾವೂ ಅಂಥದ್ದೇ ಮಾಡೋಣ ಅನ್ನುವವರು ಪ್ರತಿ ಕಮಿಟಿಯಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಇಷ್ಟು ಹೇಳಿ: ನ್ಯೂಯಾರ್ಕಿನಲ್ಲಿ ಅದು 1948ರಲ್ಲಿ ಶುರುವಾದಾಗ 50 ಡಾಲರ್ ಟಿಕೆಟ್ಟಿನ ಮಧ್ಯರಾತ್ರಿ ಊಟ ಅಷ್ಟೆ. ಥೀಮು ಗೀಮು ಬಂದಿದ್ದು 1970ರ ದಶಕದಲ್ಲಿ. ಆ ಥೀಮಾದರೂ ಗಾಳಿಯಲ್ಲಿ ಹುಟ್ಟುವುದಿಲ್ಲ, ಮ್ಯೂಸಿಯಮ್ಮಿನ ಕಾಸ್ಟ್ಯೂಮ್ ವಿಭಾಗದಲ್ಲಿ ಆ ವರ್ಷ ತೆರೆಯುವ ಪ್ರದರ್ಶನಕ್ಕೆ ಅಂಟಿಕೊಂಡಿರುತ್ತದೆ. ನಮ್ಮಲ್ಲಿ ಆ ವರ್ಷ ವಿಡಿಯೋ ಕೃತಿಗಳ ಪ್ರದರ್ಶನ ಬರುವುದಿತ್ತು. ವಿಡಿಯೋ ಆರ್ಟ್ ಅಂದರೆ ಜನ ಹಿಂದೆ ಸರಿಯುತ್ತಾರೆ. ಟೆಂಟಿನಲ್ಲಿ ಸಿನಿಮಾ ಅಂದರೆ ಅರವತ್ತು ದಾಟಿದವರ ಮುಖ ಅರಳುತ್ತದೆ, ಮೊಮ್ಮಕ್ಕಳಿಗೆ ಅದು ಕಥೆ. ಎರಡಕ್ಕೂ ಬೇಕಾದದ್ದು ಒಂದು ಪರದೆ, ಒಂದು ಕತ್ತಲೆ, ಒಂದಿಷ್ಟು ಜನ. ಕಲೆಗೂ ಇದು ಹೊಸ ನೆಂಟಸ್ತಿಕೆ ಅಲ್ಲ. ಬೆಂಗಳೂರಿನ ಎನ್. ಪುಷ್ಪಮಾಲಾ ಹಳೇ ಸ್ಟುಡಿಯೋ ಪರದೆ, ಸಿನಿಮಾದ ಭಂಗಿಗಳನ್ನೇ ತಮ್ಮ ಫೋಟೋ ಕೃತಿಗಳಿಗೆ ತಂದವರು. ನಿಮ್ಮ ಮ್ಯೂಸಿಯಮ್ಮಿನಲ್ಲಿ ಮಣ್ಣಿನ ಕೃತಿಗಳಿದ್ದರೆ ಕುಂಬಾರಗೇರಿ ಥೀಮು ಮಾಡಿ, ನಕ್ಷೆಗಳಿದ್ದರೆ ಬಸ್‌ಸ್ಟ್ಯಾಂಡ್ ಮಾಡಿ. ಥೀಮಿನ ಬಾಗಿಲಿಂದ ಒಳಗೆ ಬಂದವರು ಕೃತಿಯ ಮುಂದೆ ಹೋಗಿ ನಿಲ್ಲುವ ಹಾಗಿರಬೇಕು, ಅಷ್ಟೇ.

ಈಗ ದುಡ್ಡು. ಪಾರ್ಟಿ ದಿನ ದುಡ್ಡು ಬರುತ್ತದೆ ಅಂತ ಕಾಯಬೇಡಿ. ಬರಬೇಕಾದದ್ದು ಅದಕ್ಕೂ ಮುಂಚೆಯೇ ಬಂದಿರಬೇಕು. ಟೆಂಟಿನ ಚೆಂದ ಏನೆಂದರೆ ಟಿಕೆಟ್ ದರ್ಜೆ ಅದರಲ್ಲೇ ಇದೆ: ನೆಲ, ಬೆಂಚು, ಕುರ್ಚಿ. ನಾವು ನೆಲಕ್ಕೆ 1,500, ಬೆಂಚಿಗೆ 5,000, ಕುರ್ಚಿಗೆ 25,000 ರೂಪಾಯಿ ಇಟ್ಟೆವು. ನೆಲ 80, ಬೆಂಚು 50, ಕುರ್ಚಿ 20. ಒಟ್ಟು 8,70,000. ಅದರಲ್ಲಿ 5,00,000 ಬಂದಿದ್ದು ಆ 20 ಕುರ್ಚಿಗಳಿಂದ. ಹಾಗಾಗಿ ಮೊದಲ ಆರು ವಾರ ಕುರ್ಚಿ ಟಿಕೆಟ್ ಬಿಟ್ಟು ಬೇರೇನೂ ಮಾರಬೇಡಿ. ಅವರ ಮನೆಗೆ ಹೋಗಿ, ಕಾಫಿ ಕುಡಿದು, ಕೈಯಲ್ಲೇ ಟಿಕೆಟ್ ಕೊಡಬೇಕು. ವಾಟ್ಸಾಪಿನಲ್ಲಿ ಕಳಿಸಿದರೆ "ನೋಡ್ತೀನಿ" ಅಂತ ಬರುತ್ತದೆ, ನಾಲ್ಕು ದಿನ ಆದ ಮೇಲೆ ಅದೂ ಬರುವುದಿಲ್ಲ. ನೆಲದ ಟಿಕೆಟ್ಟನ್ನು ಚಿತ್ರಕಲೆ ಓದುವ ಹುಡುಗ ಹುಡುಗಿಯರಿಗೆ, ಯುವ ಕಲಾವಿದರಿಗೆ ಮೀಸಲಿಡಿ. ಅವರಿಲ್ಲದಿದ್ದರೆ ಪಾರ್ಟಿ ಮದುವೆ ರಿಸೆಪ್ಷನ್ ಥರ ಆಗಿಬಿಡುತ್ತದೆ.

ಖರ್ಚು ನಮಗೆ 4,50,000 ಆಯಿತು. ಊಟ ತಲೆಗೆ 900ರ ಲೆಕ್ಕದಲ್ಲಿ 1,35,000. ಪ್ರೊಜೆಕ್ಟರ್, ಪರದೆ, ಸೌಂಡು 80,000. ಕಲಾವಿದರಿಗೆ 1,00,000. ಪೋಸ್ಟರ್ ಬರೆಸಿದ್ದಕ್ಕೆ 40,000. ಶಾಮಿಯಾನ, ಬೆಂಚು, ಕುರ್ಚಿ, ಜಮಖಾನೆಗೆ 45,000. ಲೈಸೆನ್ಸು, ಸೆಕ್ಯುರಿಟಿ, ಕ್ಲೀನಿಂಗು 50,000. ಈ ಖರ್ಚನ್ನು ಟಿಕೆಟ್ ದುಡ್ಡಿಂದ ತೆಗೆಯಬಾರದು, ಸ್ಪಾನ್ಸರ್ ದುಡ್ಡಿಂದ ತೆಗೆಯಬೇಕು ಅನ್ನುವುದು ನಮ್ಮ ಹಟವಾಗಿತ್ತು. ಪೂರ್ತಿ ಆಗಲಿಲ್ಲ, ಮೂರರಲ್ಲಿ ಎರಡು ಭಾಗ ಬಂತು.

ಅದಕ್ಕೆ ದಾರಿ ತೋರಿಸಿದ್ದೂ ಟೆಂಟೇ. ಸಿನಿಮಾಕ್ಕೆ ಮುಂಚೆ, ಇಂಟರ್ವಲ್ಲಿನಲ್ಲಿ ಜಾಹೀರಾತಿನ ಸ್ಲೈಡು ಹಾಕುತ್ತಿದ್ದರಲ್ಲ, ಊರಿನ ಜವಳಿ ಅಂಗಡಿ, ಬೀಡಿ, ಚಿನ್ನಬೆಳ್ಳಿ ಅಂಗಡಿ? ನಾವು ಹತ್ತು ಸ್ಲೈಡು ಮಾರಿದೆವು, ಒಂದಕ್ಕೆ 30,000. ಲೋಗೋ ಹಾಕುವ ಹಾಗಿಲ್ಲ ಅಂತ ಮೊದಲೇ ಹೇಳಿದೆವು. ಅಂಗಡಿಯ ಹೆಸರು, ಒಂದು ಸಾಲು. ಬಾಕಿಯೆಲ್ಲ ಕಲಾವಿದರ ಇಷ್ಟ, ಕೈಯಲ್ಲೇ ಗಾಜಿನ ಮೇಲೆ ಬರೆಯುತ್ತಾರೆ. ಒಬ್ಬ ಹುಡುಗಿ ಕನ್ನಡಕದ ಅಂಗಡಿಗೆ ಬರೆದ ಸ್ಲೈಡಿನಲ್ಲಿ ಅಕ್ಷರಗಳೆಲ್ಲ ಮಸುಕು, ಕೊನೆಯ ಒಂದು ಅಕ್ಷರ ಮಾತ್ರ ಚೂಪಾಗಿ ಕಾಣುತ್ತಿತ್ತು. ಪರದೆ ಮೇಲೆ ಅದು ಬಂದಾಗ ಶಿಳ್ಳೆ ಬಿತ್ತು.

ಕಂಪನಿಗಳ ಹತ್ತಿರ ಹೋಗುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ನಾವೂ ಮಾಡಿದೆವು. ಸಿಎಸ್‌ಆರ್ ವಿಭಾಗಕ್ಕೆ, ಅಂದರೆ ಲಾಭದಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ ವಿಭಾಗಕ್ಕೆ, ಹೋಗಿ ಪಾರ್ಟಿಗೆ ದುಡ್ಡು ಕೇಳುವುದು. ಕಲೆ ಮತ್ತು ಸಂಸ್ಕೃತಿಯ ರಕ್ಷಣೆ 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಇದೆ, ನಿಜ. ಆದರೆ ಒಂದು ಸಂಜೆಯ ಕಾರ್ಯಕ್ರಮ, ಹೆಸರು ಮೆರೆಸುವ ಸ್ಪಾನ್ಸರ್‌ಶಿಪ್ ಆ ಲೆಕ್ಕಕ್ಕೆ ಬರುವುದಿಲ್ಲ. ಸ್ಲೈಡಿಗೆ ಮಾರ್ಕೆಟಿಂಗ್ ವಿಭಾಗವನ್ನು ಕೇಳಿ. ಸರ್ಕಾರಿ ಶಾಲೆ ಮಕ್ಕಳನ್ನು ವರ್ಷವಿಡೀ ಮ್ಯೂಸಿಯಮ್ಮಿಗೆ ಕರೆತರುವಂಥ ಕೆಲಸಕ್ಕೆ ಸಿಎಸ್‌ಆರ್ ವಿಭಾಗವನ್ನು ಕೇಳಿ, ಅದಕ್ಕೆ ಮುಂಚೆ ಮ್ಯೂಸಿಯಂ ಟ್ರಸ್ಟಿಗೆ ಆ ದುಡ್ಡು ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಆಗಿದೆಯಾ ನೋಡಿಕೊಳ್ಳಿ. ಆ ಸಿಎಸ್‌ಆರ್ ಮ್ಯಾನೇಜರನ್ನು ಪಾರ್ಟಿಗೆ ಅತಿಥಿಯಾಗಿ ಕರೆಯಲು ಅಡ್ಡಿಯಿಲ್ಲ. ನೆಲದಲ್ಲಿ ಕೂರಿಸಿ, ಮಕ್ಕಳ ಚಿತ್ರ ತೋರಿಸಿ.

ರಸೀದಿ ವಿಷಯದಲ್ಲಿ ಆಡಿಟರನ್ನು ಮೊದಲ ದಿನವೇ ಕೂರಿಸಿಕೊಳ್ಳಿ. 80ಜಿ ಅಂತ ನಾವೆಲ್ಲ ಕರೆಯುವ ತೆರಿಗೆ ವಿನಾಯಿತಿ ದಾನಕ್ಕೆ ಮಾತ್ರ, ಊಟ ಮನರಂಜನೆ ಪಡೆದು ಕೊಟ್ಟ ಟಿಕೆಟ್ ದುಡ್ಡಿಗಲ್ಲ. ಹಾಗಾಗಿ ಟಿಕೆಟ್ ಬೇರೆ, ದಾನ ಬೇರೆ, ಎರಡಕ್ಕೂ ಬೇರೆ ಬೇರೆ ರಸೀದಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ, ಇದನ್ನು ಮುಚ್ಚಿಟ್ಟು ದಾನ ಕೇಳಿದರೆ ಮಾರ್ಚಿನಲ್ಲಿ ಬೈಗುಳ ತಿನ್ನುತ್ತೀರಿ. ಇನ್ನೊಂದು, ಅಮೆರಿಕದ ಪಾಸ್‌ಪೋರ್ಟ್ ತಗೊಂಡ ತಮ್ಮನೊಬ್ಬ ಪ್ರೀತಿಯಿಂದ ಒಂದು ಲಕ್ಷ ಕಳಿಸುತ್ತೇನೆ ಅಂದರೆ ಹಿಗ್ಗಬೇಡಿ. ಅದು ವಿದೇಶಿ ದೇಣಿಗೆ, ಟ್ರಸ್ಟಿಗೆ ಅಂಥ ದುಡ್ಡು ಪಡೆಯಲು ಕೇಂದ್ರ ಸರ್ಕಾರ ಕೊಡುವ ಎಫ್‌ಸಿಆರ್‌ಎ ನೋಂದಣಿ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರಗಿರುವ ಅಣ್ಣ ತನ್ನ ಉಳಿತಾಯದಿಂದ ಕಳಿಸಿದರೆ ಆ ತೊಡಕಿಲ್ಲ.

ಕಲಾವಿದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಥ ಪಾರ್ಟಿಗಳಲ್ಲಿ ಶಾಮಿಯಾನದವರಿಗೆ ದುಡ್ಡು ಕೊಡುತ್ತಾರೆ, ಅಡುಗೆಯವರಿಗೆ ಕೊಡುತ್ತಾರೆ, ಕಲಾವಿದರಿಗೆ ಮಾತ್ರ "ನಿಮಗೆ ಒಳ್ಳೇ ಹೆಸರು ಬರುತ್ತೆ" ಅನ್ನುತ್ತಾರೆ. ಹರಾಜಿಗೆ ಒಂದು ಚಿತ್ರ ಸುಮ್ನೆ ಕೊಡಿ ಅಂತಲೂ ಕೇಳುತ್ತಾರೆ. ವಸ್ತುವಿನ ರೂಪದ ದಾನಕ್ಕೆ 80ಜಿ ಕೂಡ ಇಲ್ಲ, ಅಂದರೆ ಕೊಟ್ಟ ಕಲಾವಿದನಿಗೆ ಸಿಗುವುದು ಒಂದು ಶಾಲು. 2011ರಲ್ಲಿ ಲಾಸ್ ಏಂಜಲೀಸಿನ ಮೋಕಾ ಮ್ಯೂಸಿಯಮ್ಮಿನ ಗಾಲಾದಲ್ಲಿ ಪರ್ಫಾರ್ಮೆನ್ಸ್ ಕಲಾವಿದೆ ಮರೀನಾ ಅಬ್ರಮೋವಿಚ್ ಊಟದ ಮೇಜಿನ ನಡುವೆ ಜೀವಂತ ಕಲಾವಿದರ ತಲೆಗಳನ್ನೇ ಇಡಿಸಿದರು. ಮೇಜಿನ ಕೆಳಗೆ ಕೂತು ತಲೆಯನ್ನಷ್ಟೇ ಮೇಲೆ ತೂರಿಸಿ ಗಂಟೆಗಟ್ಟಲೆ ತಿರುಗುತ್ತಿರಬೇಕು, ಕೂಲಿ 150 ಡಾಲರ್. ನೃತ್ಯ ಕಲಾವಿದೆ ಇವಾನ್ ರೈನರ್ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದ್ದರಿಂದ ದೊಡ್ಡ ಗಲಾಟೆಯೇ ಆಯಿತು. ನಮ್ಮ ನಿಯಮ ಸರಳ. ವಿಡಿಯೋ ತೋರಿಸಿದರೆ ಫೀಸು, ಸ್ಲೈಡು ಬರೆದರೆ ಫೀಸು, ಹರಾಜಿನಲ್ಲಿ ಕೃತಿ ಹೋದರೆ ಅರ್ಧ ಕಲಾವಿದರಿಗೆ. ಕೆಲವರು ತಮ್ಮ ಪಾಲನ್ನು ವಾಪಸ್ ಕೊಟ್ಟರು. ಅದು ಅವರ ದೊಡ್ಡತನ, ನಾವು ಕೇಳಿದ್ದಲ್ಲ.

ಮ್ಯೂಸಿಯಂ ಕಲ್ಯಾಣ ಮಂಟಪ ಅಲ್ಲ, ಇದನ್ನು ಕೇಟರಿಂಗಿನವರಿಗೆ ಮೂರು ಸಲ ಹೇಳಬೇಕು. ಕೃತಿಗಳಿರುವ ಕೋಣೆಗೆ ಊಟ, ಜ್ಯೂಸು, ವೈನು ಯಾವುದೂ ಹೋಗಬಾರದು. ಹೂವಿನ ಜೊತೆ ಹುಳ ಬರುತ್ತದೆ, ಊದಿನಕಡ್ಡಿ ಮಸಿ ಹಿಡಿಸುತ್ತದೆ, ರಂಗೋಲಿ ಪುಡಿ ಹಾರುತ್ತದೆ. ಟೆಂಟಿನಲ್ಲಿ ಮರಳಿತ್ತಲ್ಲ ಅಂತ ನಾವು ಎರಡು ಲೋಡು ಮರಳು ತರಿಸಲು ಹೊರಟಿದ್ದೆವು. ಪುಣ್ಯಕ್ಕೆ ಕೃತಿಗಳನ್ನು ನೋಡಿಕೊಳ್ಳುವ ಅಕ್ಕ ಗೇಟಿನಲ್ಲೇ ತಡೆದರು. ಚಪ್ಪಲಿಗೆ ಅಂಟಿದ ಮರಳು ಗ್ಯಾಲರಿ ನೆಲವನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತದಂತೆ. ಅಂಗಳದಲ್ಲಿ ಜಮಖಾನೆ ಹಾಸಿದೆವು. ಆದರೂ ಒಂದು ಎಡವಟ್ಟು ಮಾಡಿದ್ದು ನಾನೇ. ಪ್ರೊಜೆಕ್ಟರಿನ ಬೆಳಕು ಕೋಲಿನಂತೆ ಕಾಣಲಿ ಅಂತ ಹೊಗೆ ಮೆಷಿನ್ ಇಟ್ಟೆ. ತೆರೆದ ಬಾಗಿಲಿಂದ ಹೊಗೆ ಒಳಗೆ ಹೋಗಿ ಫೈರ್ ಅಲಾರ್ಮ್ ಹೊಡೆದುಕೊಂಡಿತು. ನೂರೈವತ್ತು ಜನ ಕೈಯಲ್ಲಿ ಕಡ್ಲೆಕಾಯಿ ಪೊಟ್ಟಣ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಅದನ್ನೂ ಕಾರ್ಯಕ್ರಮದ ಭಾಗ ಅಂದುಕೊಂಡು ಒಬ್ಬರು ಚಪ್ಪಾಳೆ ತಟ್ಟಿದರು.

ಲೈಸೆನ್ಸಿಗೆ ಒಂದು ತಿಂಗಳು ಮುಂಚೆ ಓಡಾಡಿ. ಮದ್ಯ ಇದ್ದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿನ ಲೈಸೆನ್ಸ್ ಬೇಕು, ಸಿನಿಮಾ ಹಾಡು ಹಾಕಿದರೆ ಹಾಡಿನ ಹಕ್ಕಿನವರಿಗೆ ಫೀಸು ಕಟ್ಟಬೇಕು, ಪೊಲೀಸ್ ಠಾಣೆಗೆ ಪತ್ರ ಕೊಡಬೇಕು. ರಾತ್ರಿ 10ರ ಮೇಲೆ ಬಯಲಲ್ಲಿ ಮೈಕು ಇಲ್ಲ. ನಾವು ಮದ್ಯ ಬಿಟ್ಟು ಗೋಲಿ ಸೋಡಾ ಇಟ್ಟೆವು. ಖರ್ಚೂ ಉಳಿಯಿತು, ಓಡಾಟವೂ ತಪ್ಪಿತು. ಕಳೆದುಕೊಂಡದ್ದು ಎರಡು ಕುರ್ಚಿ ಟಿಕೆಟ್ ಮಾತ್ರ, ಅದನ್ನೂ ಬೇರೆಯವರು ಕೊಂಡರು.

ಆ ಸಂಜೆಯ ಕ್ರಮ ಹೀಗಿರಲಿ. ಆಮಂತ್ರಣವನ್ನು ತೆಳು ಗುಲಾಬಿ ಕಾಗದದಲ್ಲಿ ಪಾಂಪ್ಲೆಟ್ ಥರ ಅಚ್ಚು ಹಾಕಿಸಿ. ಆರೂವರೆಗೆ ಗೇಟು, ಟಿಕೆಟ್ ಹರಿದು ಕೊಡುವವರು ಟಾರ್ಚ್ ಹಿಡಿದು ಜಾಗ ತೋರಿಸಲಿ. ನೆಲದವರು ಪರದೆ ಮುಂದೆ, ಕುರ್ಚಿಯವರು ಹಿಂದೆ, ಟೆಂಟಿನಲ್ಲಿ ಇದ್ದ ಹಾಗೇ. ಇಂಟರ್ವಲ್ ಹೊತ್ತಿಗೆ ನಮ್ಮ ಕುರ್ಚಿಯವರಲ್ಲಿ ಅರ್ಧ ಜನ ಮುಂದೆ ಬಂದು ಜಮಖಾನೆ ಮೇಲೆ ಕಾಲು ಚಾಚಿದ್ದರು. ಒಂದೊಂದು ವಿಡಿಯೋ ಎಂಟು ನಿಮಿಷ ಮೀರಬಾರದು, ಒಟ್ಟು ನಲವತ್ತು ನಿಮಿಷ ಸಾಕು. ಭಾಷಣ ಒಂದೇ, ಅದೂ ಮೂರು ನಿಮಿಷ, ಅದೂ ದುಡ್ಡು ಯಾವುದಕ್ಕೆ ಅಂತ ಹೇಳುವುದಕ್ಕೆ. ಇಂಟರ್ವಲ್ಲಿನಲ್ಲಿ ಕೋಡುಬಳೆ, ನಿಪ್ಪಟ್ಟು, ಸೋಡಾ, ಆಗಲೇ ಗ್ಯಾಲರಿ ಬಾಗಿಲು ತೆರೆದು ಇಪ್ಪತ್ತು ಇಪ್ಪತ್ತು ಜನರನ್ನು ಕೈ ಒರೆಸಿಕೊಂಡು ಒಳಗೆ ಬಿಡಿ. ಊಟ ಕೊನೆಗೆ. ಮೊದಲೇ ಬಡಿಸಿದರೆ ಅರ್ಧ ಜನ ಮನೆಗೆ ಹೋಗುತ್ತಾರೆ.

ಒಂದು ವಾರದೊಳಗೆ ಎಲ್ಲರಿಗೂ ರಸೀದಿ ಮತ್ತು ಖರ್ಚಿನ ಲೆಕ್ಕ ಒಂದೇ ಹಾಳೆಯಲ್ಲಿ ಕಳಿಸಿ. ಸ್ಲೈಡುಗಳನ್ನು ಮಾತ್ರ ಕೈಯಾರೆ ಅಂಗಡಿಗೆ ತಲುಪಿಸಿ. ಕನ್ನಡಕದ ಅಂಗಡಿಯವರು ತಮ್ಮದನ್ನು ಅಕ್ಷರ ಓದಿಸುವ ಬೋರ್ಡಿನ ಪಕ್ಕದಲ್ಲೇ ಲೈಟು ಹಾಕಿ ನಿಲ್ಲಿಸಿದ್ದಾರೆ, ಮುಂದಿನ ಸಲ ಎರಡು ಸ್ಲೈಡು ತನಗೇ ಇರಲಿ ಅಂತ ಮುಂಗಡವನ್ನೂ ಕೊಟ್ಟರು.