ಉಪ್ಪಾಗೆ ಮರಕ್ಕೊಂದು ಲೆಕ್ಕದ ಪುಸ್ತಕ

ನಮ್ಮದು ಸಾಗರ ತಾಲೂಕಿನ ಒಂದು ಸಣ್ಣ ಊರು. ತೋಟ ಮುಗಿದಲ್ಲಿ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಬೆಟ್ಟ ಮುಗಿದಲ್ಲಿ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು. ಉಪ್ಪಾಗೆ ಅಂದರೆ ಹುಳಿ ಹಣ್ಣು ಬಿಡುವ ಕಾಡುಮರ. ಆ ಕಾನಿನ 24 ಉಪ್ಪಾಗೆ ಮರಗಳ ಲೆಕ್ಕವನ್ನು ನಮ್ಮ ಸಂಘದ ಎಂಟು ಹೆಂಗಸರು ಆರು ವರ್ಷದಿಂದ ಇಟ್ಟಿದ್ದೇವೆ. ಹೇಗೆ ಮಾಡುತ್ತೀರಿ ಅಂತ ನೆಂಟರ ಊರುಗಳಿಂದ ಕೇಳುತ್ತಾರೆ. ನಾವು ಮಾಡುವುದನ್ನು ಮಾಡುವ ಹಾಗೇ ಹೇಳುತ್ತೇನೆ.

ಉಪ್ಪಾಗೆಯೇ ಯಾಕೆ ಅಂದರೆ, ಮಳೆಗಾಲದಲ್ಲಿ ನಮ್ಮ ಕೈಗೆ ದುಡ್ಡು ಬರುವುದು ಅದರಿಂದ. ಜೂನ್‌ನಿಂದ ಆಗಸ್ಟ್ ಒಳಗೆ ಹಣ್ಣು. ಸಿಪ್ಪೆ ಒಣಗಿಸಿ ಮಾರುತ್ತೇವೆ, ಬೀಜದಿಂದ ತುಪ್ಪ ತೆಗೆಯುತ್ತೇವೆ. 1990ರ ದಶಕದಲ್ಲಿ ತೂಕ ಇಳಿಸುವ ಔಷಧಿಗೆ ಅಂತ ಹೊರದೇಶದಿಂದ ಬೇಡಿಕೆ ಬಂದು ಸಿಪ್ಪೆಯ ರೇಟು ಏರಿತು. ಆಮೇಲೆ ಮೊದಲು ಹೋದವರಿಗೆ ಹಣ್ಣು ಅನ್ನುವ ಹಾಗಾಯಿತು. ಹಸಿರು ಕಾಯನ್ನೇ ಬಡಿದರು. ಹತ್ತಲು ಬೇಸರ ಅಂತ ಕೊಂಬೆಯನ್ನೇ ಕಡಿದರು. ನಮ್ಮ ಕಾನಿನಲ್ಲೂ ಹಾಗೇ ಆಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೊದಲ ಕೆಲಸ ಒಪ್ಪಿಗೆ. ವಲಯ ಅರಣ್ಯಾಧಿಕಾರಿಗೆ ಬರೆದು ಕೊಡಿ, ಗ್ರಾಮ ಅರಣ್ಯ ಸಮಿತಿ ಇದ್ದರೆ ಅಲ್ಲಿ ನಿರ್ಣಯ ಮಾಡಿಸಿ. ನಿಮ್ಮ ಕಾಡು ಅಭಯಾರಣ್ಯದ ಒಳಗೆ ಬಂದರೆ ನಿಯಮವೇ ಬೇರೆ, ಕೇಳದೆ ಕಾಲಿಡಬೇಡಿ.

ಆಮೇಲೆ ಮರ ಆರಿಸುವುದು. ಇಡೀ ಕಾನು ಎಣಿಸುತ್ತೇವೆ ಅಂತ ಹೊರಡಬೇಡಿ. ಎರಡನೇ ವರ್ಷಕ್ಕೇ ಸುಸ್ತಾಗಿ ಬಿಟ್ಟುಬಿಡುತ್ತೀರಿ. ಒಂದು ದಿನದಲ್ಲಿ ಸುತ್ತಿ ಬರುವಷ್ಟು ಮರ ಸಾಕು. ಆದರೆ ದಾರಿ ಪಕ್ಕದ, ಚೆನ್ನಾಗಿ ಹಣ್ಣು ಬಿಡುವ ಮರಗಳನ್ನೇ ಆರಿಸಿದರೆ ಲೆಕ್ಕ ಸುಳ್ಳು ಹೇಳುತ್ತದೆ. ಹಳ್ಳದ ಬದಿಯವು, ಗುಡ್ಡದ ಮೇಲಿನವು, ಸೊರಗಿದವು, ಎಲ್ಲವೂ ಇರಲಿ.

ಗಂಡು ಮರವೂ ಇರಲೇಬೇಕು. ಉಪ್ಪಾಗೆಯಲ್ಲಿ ಹೆಚ್ಚಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಬಿಡದ ಮರ ದಂಡ ಅಂತ ಕಡಿದು ಸೌದೆ ಮಾಡಿದವರು ನಮ್ಮಲ್ಲೇ ಇದ್ದಾರೆ. ಗಂಡು ಹೋದರೆ ಹೆಣ್ಣಿಗೆ ಕಾಯಿ ಎಲ್ಲಿಂದ ಬರಬೇಕು? ಹೂ ಬಿಡುವ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ ಬುಡದಲ್ಲಿ ಬಿದ್ದ ಹೂ ಎತ್ತಿ ನೋಡಿ. ಹೆಣ್ಣು ಹೂವಿನ ನಡುವೆ ಸಣ್ಣ ಕಾಯಿಯಂಥ ಗುಬುಟು ಇರುತ್ತದೆ. ಗಂಡಿನಲ್ಲಿ ಬರೀ ಕೇಸರ. ನಮ್ಮ ಅತ್ತೆಗೆ ಹೂವೂ ಬೇಡ, ದೂರದಿಂದಲೇ ಯಾವ ಮರ ಯಾವುದು ಅಂತ ಹೇಳುತ್ತಾರೆ. ಅಂಥ ಹಿರಿಯರು ಊರಲ್ಲಿದ್ದರೆ ಮೊದಲ ದಿನವೇ ಕರೆದುಕೊಂಡು ಹೋಗಿ.

ಅದೇ ಫೆಬ್ರವರಿಯಲ್ಲಿ ಸುತ್ತಳತೆ ತೆಗೆಯಿರಿ. ಟೈಲರ್ ಟೇಪು ಸಾಕು. ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಅಳೆಯಬೇಕು. ಅರಣ್ಯ ಇಲಾಖೆಯವರು ಅಳೆಯುವುದೂ ಅಲ್ಲೇ. ಇಳಿಜಾರಿನಲ್ಲಿರುವ ಮರಕ್ಕೆ ಮೇಲಿನ ಬದಿಯ ನೆಲದಿಂದ ಅಳತೆ ಹಿಡಿಯಿರಿ. ನಾವು ಮೊದಲ ವರ್ಷ ಸುಮ್ನೆ ಎದೆಯೆತ್ತರ ಅಂತ ಅಳೆದೆವು. ಮರುವರ್ಷ ಅಳೆದವರು ಬೇರೆ, ಅವರ ಎದೆಯೆತ್ತರವೂ ಬೇರೆ. ಐದು ಮರ ಹಿಂದಿನ ವರ್ಷಕ್ಕಿಂತ ಸಣ್ಣ ಆಗಿದ್ದವು! ಬೆಳೆಯುವ ಮರ ಹಾಗೆ ಸಣ್ಣ ಆಗುತ್ತದಾ? ಒಂದು ವರ್ಷದ ಲೆಕ್ಕವೇ ಹೋಯಿತು. ಈಗ ನಾಲ್ಕೂವರೆ ಅಡಿಯ ಕೋಲು ಒಯ್ಯುತ್ತೇವೆ. ಅಳೆದ ಜಾಗಕ್ಕೆ ಹಳದಿ ಪೇಂಟಿನ ಗೆರೆ ಎಳೆದು, ಅದರ ಮೇಲೆ ನಂಬರು ಬರೆದಿದ್ದೇವೆ. ಮೊಳೆ ಹೊಡೆಯಬೇಡಿ. ಮಳೆಗಾಲದಲ್ಲೂ ಅಳೆಯಬೇಡಿ, ತೊಗಟೆ ನೀರು ಕುಡಿದು ಉಬ್ಬಿರುತ್ತದೆ.

ಎರಡನೇ ಸುತ್ತು ನವೆಂಬರ್‌ನಲ್ಲಿ, ಇಂಬಳದ ಕಾಟ ಕಡಿಮೆಯಾದ ಮೇಲೆ. ಇದು ಸಸಿ ಎಣಿಸುವ ಸುತ್ತು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ನಾಲ್ಕು ಮೀಟರ್ ಹಗ್ಗದ ಎರಡು ತುದಿ ಸೇರಿಸಿ ಕಟ್ಟಿ, ಮೀಟರಿಗೊಂದು ಗಂಟು ಹಾಕಿ. ನಾಲ್ಕು ಗೂಟಕ್ಕೆ ಹಾಕಿದರೆ ಒಂದು ಮೀಟರಿನ ಚೌಕ. ಮರದ ನಾಲ್ಕು ದಿಕ್ಕಿಗೆ, ಬುಡದಿಂದ ಮೂರು ಹೆಜ್ಜೆ ದೂರದಲ್ಲಿ, ಒಂದೊಂದು ಚೌಕ ಹಾಕಿ. ಪ್ರತಿ ವರ್ಷ ಅದೇ ಜಾಗ ಸಿಗಬೇಕು, ಹಾಗಾಗಿ ಮೂಲೆಗೆ ಕಲ್ಲು ಹುಗಿದು ಬನ್ನಿ. ಒಳಗಿರುವ ಉಪ್ಪಾಗೆ ಸಸಿಗಳನ್ನು ಮೂರು ಗುಂಪು ಮಾಡಿ ಎಣಿಸಿ: ಮೊಣಕಾಲಿಗಿಂತ ಗಿಡ್ಡ, ಮೊಣಕಾಲಿನಿಂದ ಎದೆವರೆಗೆ, ಎದೆಗಿಂತ ಎತ್ತರ.

ಈ ಮೂರು ಅಂಕಿ ಬಹಳ ಮಾತಾಡುತ್ತವೆ. ಗಿಡ್ಡ ಸಸಿಯೇ ಇಲ್ಲ ಅಂದರೆ ನಾವು ಹಣ್ಣು ಜಾಸ್ತಿ ಕೊಯ್ಯುತ್ತಿದ್ದೇವಾ ಅಂತ ಮೊದಲು ಕೇಳಿಕೊಳ್ಳಬೇಕು. ಗಿಡ್ಡ ಸಸಿ ರಾಶಿ ಇದ್ದು, ಮೊಣಕಾಲು ದಾಟಿದ್ದು ಒಂದೂ ಇಲ್ಲ ಅಂದರೆ ತಪ್ಪು ಬೇರೆ ಕಡೆ ಇದೆ: ದನ ಮೇಯ್ದಿರಬೇಕು, ಬೆಂಕಿ ಬಿದ್ದಿರಬೇಕು, ಇಲ್ಲಾ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವಾಗ ಸಸಿಯೂ ಹೋಗಿರಬೇಕು. ನಮ್ಮಲ್ಲಿ ಆಗಿದ್ದು ದರಕಿನ ಸಮಸ್ಯೆ. ಕೊಟ್ಟಿಗೆಗೆ, ತೋಟಕ್ಕೆ ದರಕು ಬೇಕೇ ಬೇಕು, ತರಬೇಡಿ ಅನ್ನಲು ಆಗುವುದಿಲ್ಲ. ಪುಸ್ತಕ ತೆಗೆದು ಮನೆಮನೆಗೆ ತೋರಿಸಿದೆವು. ಈಗ ಕಾನಿನ ಒಂದು ಬದಿ ಗುಡಿಸುತ್ತಾರೆ, ಇನ್ನೊಂದು ಬದಿಗೆ ಎರಡು ವರ್ಷ ರಜೆ.

ಮೂರನೇ ಸುತ್ತು ಕೊಯ್ಲಿನದು. ಯಾವ ತಾರೀಖಿಗೆ ಶುರು ಅಂತ ಊರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಒಂದು ಮನೆ ಬೇಗ ಹೋದರೂ ಉಳಿದವರು ಓಡುತ್ತಾರೆ. "ಹಳದಿ ಆಗದೆ ದೋಟಿ ಹಾಕಬ್ಯಾಡ್ರೇ" ಅನ್ನುವುದು ಅತ್ತೆಯ ಮಾತು, ನಮ್ಮ ನಿಯಮವೂ ಅದೇ. ನಾಲ್ಕು ಮರಕ್ಕೆ ಒಂದನ್ನು ಮುಟ್ಟುವುದಿಲ್ಲ, ಅದು ಸಿಂಗಳೀಕಕ್ಕೆ, ಕೆಂದಳಿಲಿಗೆ, ಬೀಜಕ್ಕೆ. ಯಾವ ಮರದಿಂದ ಎಷ್ಟು ಬುಟ್ಟಿ ಅಂತ ಅಲ್ಲೇ ಬರೆಯಿರಿ, ಮನೆಗೆ ಬಂದ ಮೇಲೆ ನೆನಪಿರುವುದಿಲ್ಲ.

ಒಣಗಿಸುವ ಕಟ್ಟಿಗೆಯನ್ನೂ ತೂಗಿ. ಮಳೆಯಲ್ಲಿ ಬಿಸಿಲಿಲ್ಲ, ಒಲೆಯ ಮೇಲೇ ಒಣಗಬೇಕು. ಒಂದು ಕೆಜಿ ಸಿಪ್ಪೆಗೆ ಎಷ್ಟು ಕೆಜಿ ಕಟ್ಟಿಗೆ ಉರಿಯಿತು ಅಂತ ನೋಡಿದ ದಿನ ನಾವೆಲ್ಲ ಮಾತಿಲ್ಲದೆ ಕೂತಿದ್ದೆವು. ಉಪ್ಪಾಗೆ ಉಳಿಸಲು ಹೋಗಿ ಬೇರೆ ಮರ ಸುಡುತ್ತಿದ್ದೆವು. ತೆರೆದ ಒಲೆಗೆ ಮೂರು ಕಡೆ ಕಲ್ಲು ಕಟ್ಟಿ, ಮೇಲೆ ತಗಡು ಮುಚ್ಚಿದ ಮೇಲೆ ಕಟ್ಟಿಗೆ ಕಮ್ಮಿಯಾಯಿತು.

ಜೀವಗೋಳ ಮೀಸಲು ಅನ್ನುವ ಮಾತು ಕೇಳಿರುತ್ತೀರಿ. ಯುನೆಸ್ಕೋ 1971ರಲ್ಲಿ ಶುರು ಮಾಡಿದ ಯೋಜನೆಯಿಂದ ಬಂದದ್ದು. ನಮ್ಮ ದೇಶದ ಮೊದಲನೆಯದು 1986ರ ನೀಲಗಿರಿ, ಬಂಡೀಪುರ, ನಾಗರಹೊಳೆ ಅದರಲ್ಲಿ ಸೇರಿವೆ. ನಡುವೆ ಮುಟ್ಟದ ಕಾಡು, ಸುತ್ತ ಎಚ್ಚರದಿಂದ ಬಳಸುವ ಕಾಡು, ಅದರಾಚೆ ಊರು, ಹೊಲ. ನಮ್ಮ ಕಾನು ಅಂಥ ಪಟ್ಟಿಯಲ್ಲಿಲ್ಲ. ಆದರೆ ತೋಟ, ಬೆಟ್ಟ, ಕಾನು ಅಂತ ಹಿರಿಯರು ಮಾಡಿಟ್ಟದ್ದೂ ಹೆಚ್ಚುಕಮ್ಮಿ ಹಾಗೇ ಇದೆ ಅಲ್ವಾ?

ಪುಸ್ತಕ ಎರಡು ಪ್ರತಿ ಇರಲಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಶಾಯಿ ಒದ್ದೆಗೆ ಕಲೆಸಿಹೋಗುತ್ತದೆ. ಒಂದು ಪ್ರತಿ ಸಂಘದಲ್ಲಿ, ಇನ್ನೊಂದು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ. 2002ರ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಈ ಸಮಿತಿ ಇರಬೇಕು, ಊರಿನ ಜೀವವೈವಿಧ್ಯದ ದಾಖಲೆ ಇಡುವುದು ಅದರ ಕೆಲಸ. ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ.

ಮರ ಸತ್ತರೆ ಅದರ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ. ನಮ್ಮ 17ನೇ ಮರ ಹೋದ ಆಷಾಢದ ಗಾಳಿಗೆ ಬುಡಮೇಲಾಯಿತು. ಬಿದ್ದ ದಿನ ಬರೆದೆವು, ಪುಟ ಹಾಗೇ ಇಟ್ಟೆವು. ಅದರ ಬುಡದ ನಾಲ್ಕು ಚೌಕಕ್ಕೆ ಈಗ ಬಿಸಿಲು ಬೀಳುತ್ತದೆ. ನವೆಂಬರ್‌ನಲ್ಲಿ ಹೋದಾಗ ಮೊದಲು ಅಲ್ಲೇ ಹಗ್ಗ ಹಾಕಿದೆವು.